ಯಕ್ಷಗಾನದ ಆ್ಯಪ್‌ಗೆ ತಿಂಗಳಿಗೆ 99 ರೂಪಾಯಿ ಜಾಸ್ತಿಯಾಯಿತಾ?

ಶರಾವತಿ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹೊನ್ನಾವರದ ಕಡೆಯ ನಾವು ನಾಲ್ಕು ಜನ ಸೇರಿ ಮೂರು ವರ್ಷದಿಂದ ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿ) ಆಟ, ಅಂದರೆ ಪ್ರದರ್ಶನ, ಮತ್ತು ವೇಷ ಕುಣಿತವಿಲ್ಲದ ತಾಳಮದ್ದಳೆ ರೆಕಾರ್ಡ್ ಮಾಡುತ್ತಿದ್ದೇವೆ. ಮೇಳದ ಯಜಮಾನರ ಮತ್ತು ಕಲಾವಿದರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಂಡೇ ಮಾಡಿದ್ದು. ಹಾಡುವ ಭಾಗವತರಿಗೆ ಬೇರೆ ಮೈಕ್, ಚೆಂಡೆ ಮದ್ದಳೆಗೆ ಬೇರೆ, ವೇಷಧಾರಿಗಳ ಮಾತಿಗೆ ಬೇರೆ. ಚೆಂಡೆ ಏರಿದಾಗ ಮಾತು ಮುಚ್ಚಿಹೋಗಬಾರದು ಎನ್ನುವುದು ನಮ್ಮ ಹಟ. ಈಗ 140 ರೆಕಾರ್ಡಿಂಗ್ ಕೈಯಲ್ಲಿವೆ. ಒಂದು ಆಟ ಮುಗಿಸಿ, ಎಡಿಟ್ ಮಾಡಿ ಹಾಕುವಷ್ಟರಲ್ಲಿ ಸುಮಾರು 18,000 ರೂಪಾಯಿ ಖರ್ಚಾಗುತ್ತದೆ. ಬಂದ ದುಡ್ಡಿನಲ್ಲಿ 40 ಪರ್ಸೆಂಟ್ ಕಲಾವಿದರಿಗೆ ಎಂದು ಮಾತು ಕೊಟ್ಟಿದ್ದೇವೆ. ಅದನ್ನು ಕಡಿಮೆ ಮಾಡುವ ಪ್ರಶ್ನೆಯೇ ಇಲ್ಲ.

ಕಳೆದ ನವೆಂಬರ್‌ನಲ್ಲಿ ಆ್ಯಪ್ ಶುರು ಮಾಡಿದೆವು. ಮೊದಲ ವಾರ ಉಚಿತ, ಆಮೇಲೆ ತಿಂಗಳಿಗೆ 99 ರೂಪಾಯಿ, ಯುಪಿಐ ಆಟೋಪೇ, ಅಂದರೆ ಖಾತೆಯಿಂದ ತಾನಾಗಿ ಕಟ್ಟಾಗುವುದು. 312 ಜನ ಸೇರಿದರು. ಅವರಲ್ಲಿ 41 ಜನ ದುಡ್ಡು ಕೊಟ್ಟರು. ಎರಡನೇ ತಿಂಗಳಿಗೆ ಉಳಿದದ್ದು 17.

ಈಗ ನಮ್ಮೊಳಗೇ ಎರಡು ಅಭಿಪ್ರಾಯ. ಒಬ್ಬರು ಹೇಳುತ್ತಾರೆ, 99 ಜಾಸ್ತಿ, 29ಕ್ಕೆ ಇಳಿಸಿ, ದೊಡ್ಡ ದೊಡ್ಡ ಕಂಪನಿಗಳೇ ಆ ದರಕ್ಕೆ ಬಂದಿದ್ದವು. ಇನ್ನೊಬ್ಬರು ಹೇಳುತ್ತಾರೆ, ಯೂಟ್ಯೂಬ್‌ನಲ್ಲಿ ಪುಕ್ಕಟೆ ಆಟ ನೋಡುವವರು 29ಕ್ಕೂ ಬರುವುದಿಲ್ಲ, ನೋಡಲೇಬೇಕು ಎನ್ನುವವರು 149 ಆದರೂ ಕೊಡುತ್ತಾರೆ. ನನಗೆ ಎರಡೂ ಸರಿ ಅನ್ನಿಸುತ್ತದೆ, ಎರಡೂ ತಪ್ಪು ಅನ್ನಿಸುತ್ತದೆ. ನಮ್ಮ ನೋಡುಗರು ಹೆಚ್ಚಿನವರು ಹಳ್ಳಿಯವರು, ವಯಸ್ಸಾದವರು. ಲೆಕ್ಕ ನೋಡಿ ಖರ್ಚು ಮಾಡುವವರು.

ಈ ಕೆಲಸ ಮಾಡಿದವರು, ಅಥವಾ ಇಂಥ ಮನೆಗಳಿಂದ ದುಡ್ಡು ವಸೂಲಿ ಮಾಡಿ ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ದರ ಎಷ್ಟಿಡಬೇಕು?

ಬಿಲ್ಲಿಂಗ್ ಮೇಜು (ಉತ್ತರ)

ಸರ್, ನಾನು ಬೆಂಗಳೂರಿನಲ್ಲಿ ಒಂಬತ್ತು ವರ್ಷದಿಂದ ಚಂದಾ ಬಿಲ್ಲಿಂಗ್ ಕೆಲಸದಲ್ಲಿದ್ದೇನೆ. ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು, ನನ್ನ ಅಜ್ಜನೂ ಮದ್ದಳೆ ನುಡಿಸುತ್ತಿದ್ದರು.

ಮೊದಲು ದೊಡ್ಡವರ ಕಥೆ ಹೇಳುತ್ತೇನೆ. ಅದರಿಂದ ಏನು ತೆಗೆದುಕೊಳ್ಳಬಹುದು, ಏನು ತೆಗೆದುಕೊಳ್ಳಬಾರದು ಎರಡೂ ಮುಖ್ಯ.

ನೆಟ್‌ಫ್ಲಿಕ್ಸ್ 2016ರ ಜನವರಿಯಲ್ಲಿ ಭಾರತಕ್ಕೆ ಬಂದಾಗ ಕಡಿಮೆ ದರದ ಪ್ಲಾನ್ 500 ರೂಪಾಯಿ, ಮೇಲಿನವು 650 ಮತ್ತು 800. ಆಗ ಊರಲ್ಲಿ ಇಡೀ ಮನೆಯ ಕೇಬಲ್‌ಗೆ ಅದರ ಅರ್ಧ ಸಾಕಿತ್ತು. 2019ರಲ್ಲಿ ಫೋನ್‌ಗೆ ಮಾತ್ರ ಎಂದು 199ರ ಪ್ಲಾನ್ ತಂದರು. 2021ರ ಡಿಸೆಂಬರ್‌ನಲ್ಲಿ ಅದನ್ನು 149 ಮಾಡಿದರು, 499 ಇದ್ದ ಬೇಸಿಕ್ ಪ್ಲಾನನ್ನು ಒಂದೇ ಏಟಿಗೆ 199ಕ್ಕೆ ಇಳಿಸಿದರು. ಮುಂದಿನ ವರ್ಷ ಇಲ್ಲಿ ಅವರ ಆದಾಯ 24 ಪರ್ಸೆಂಟ್ ಬೆಳೆಯಿತು. ಅದಕ್ಕೆ ಹಿಂದಿನ ವರ್ಷ ಬೆಳೆದದ್ದು 19. ದರ ಇಳಿಸಿದರೂ ದುಡ್ಡು ಜಾಸ್ತಿ ಬಂತು. 2023ರಲ್ಲಿ ಬೇರೆ ನೂರಕ್ಕೂ ಹೆಚ್ಚು ದೇಶಗಳಲ್ಲಿ ದರ ಇಳಿಸಿದ್ದನ್ನು ಷೇರುದಾರರಿಗೆ ವಿವರಿಸುವಾಗ ಅವರೇ ಭಾರತದ ಈ ಲೆಕ್ಕವನ್ನು ಮುಂದಿಟ್ಟರು.

ಹಾಗಾದರೆ ಇಳಿಸಿದರೆ ಸಾಕಾ? ಹಾಟ್‌ಸ್ಟಾರ್ ನೋಡಿ. ಅದರ ದರ ಎಂದೂ ಜಾಸ್ತಿ ಇರಲಿಲ್ಲ, ವರ್ಷಕ್ಕೆ 499ರ ಮೊಬೈಲ್ ಪ್ಲಾನ್ ಇತ್ತು. 2023ರ ಐಪಿಎಲ್ ಜಿಯೋಸಿನಿಮಾದಲ್ಲಿ ಉಚಿತವಾಗಿ ಬಂತು. 2022ರ ಅಕ್ಟೋಬರ್‌ನಲ್ಲಿ 6.13 ಕೋಟಿ ಇದ್ದ ಹಾಟ್‌ಸ್ಟಾರ್ ಚಂದಾದಾರರು ಒಂದೇ ವರ್ಷದಲ್ಲಿ 3.76 ಕೋಟಿಗೆ ಬಂದರು. ಜನ ದುಡ್ಡು ಕೊಟ್ಟದ್ದು ಆ್ಯಪ್‌ಗಲ್ಲ, ಕ್ರಿಕೆಟ್‌ಗೆ. ಆಟ ಬೇರೆ ಕಡೆ ಹೋಯಿತು, ಜನವೂ ಹೋದರು.

ನಿಮ್ಮ ಸ್ನೇಹಿತರು ಹೇಳುವ 29 ರೂಪಾಯಿ ಜಿಯೋಸಿನಿಮಾದ್ದು, 2024ರ ಏಪ್ರಿಲ್‌ನಲ್ಲಿ ಬಂದದ್ದು. ಅದರ ಹಿಂದೆ ಜಾಹೀರಾತಿನ ದುಡ್ಡು, ಟೆಲಿಕಾಂ ಕಂಪನಿಯ ಬಲ ಎಲ್ಲ ಇತ್ತು. ಮುಂದಿನ ಫೆಬ್ರವರಿಯಲ್ಲಿ ಅದು ಹಾಟ್‌ಸ್ಟಾರ್ ಜೊತೆ ಸೇರಿಯೂ ಹೋಯಿತು. ಆ ಅಂಕಿಯ ಹಿಂದೆ ಓಡಬೇಡಿ.

ನನಗೆ ಬೇಕಾದದ್ದು ಬೇರೆ ಲೆಕ್ಕ. ಉಳಿಯದ ಆ 24 ಜನರಲ್ಲಿ ತಾವಾಗಿ ನಿಲ್ಲಿಸಿದವರು ಎಷ್ಟು? ಡೆಬಿಟ್ ಫೇಲ್ ಆಗಿ ಹೋದವರು ಎಷ್ಟು? ಎರಡೂ ಬೇರೆ ಬೇರೆ ಕಾಯಿಲೆ. ನಿಮ್ಮ ಪೇಮೆಂಟ್ ಕಂಪನಿಯ ಡ್ಯಾಶ್‌ಬೋರ್ಡ್‌ನಲ್ಲಿ ಪ್ರತಿ ಫೇಲ್‌ಗೂ ಕಾರಣ ಬರೆದಿರುತ್ತದೆ. ದಯವಿಟ್ಟು ಅದನ್ನು ತೆಗೆದು ನೋಡಿ, ಆಮೇಲೆ ದರದ ಮಾತು.

ಶರಾವತಿ ದಂಡೆ

ಮೇಡಂ, ನಿನ್ನೆ ರಾತ್ರಿ ಕೂತು ತೆಗೆದೆವು. ಇಷ್ಟು ದಿನ ಅದನ್ನು ನೋಡಿಯೇ ಇರಲಿಲ್ಲ.

24ರಲ್ಲಿ ತಾವಾಗಿ ನಿಲ್ಲಿಸಿದವರು 6 ಜನ ಮಾತ್ರ. ಮೂವರದ್ದು ಫೋನ್ ಅಥವಾ ನಂಬರ್ ಬದಲಾಗಿದೆ. ಉಳಿದ 15 ಜನರದ್ದು ಖಾತೆಯಲ್ಲಿ ದುಡ್ಡಿಲ್ಲದೆ ಡೆಬಿಟ್ ಫೇಲ್.

ಆ 15ರಲ್ಲಿ ನಾಲ್ವರಿಗೆ ಫೋನ್ ಮಾಡಿದೆ. ಕುಮಟಾ ಕಡೆಯ ಒಬ್ಬ ಹಿರಿಯರು, "ದುಡ್ಡು ಕಟ್ಟಾಗುತ್ತದೆ ಅಂತ ಮೆಸೇಜ್ ಬಂತು. ಹೆದರಿಕೆಯಾಗಿ ಇದ್ದ 300 ರೂಪಾಯಿ ತೆಗೆದುಬಿಟ್ಟೆ" ಎಂದರು. ಆಟ ಹೇಗಿತ್ತು ಎಂದು ಕೇಳಿದರೆ ಹತ್ತು ನಿಮಿಷ ಬಿಡದೆ ಹೊಗಳಿದರು. 99 ರೂಪಾಯಿ ಜಾಸ್ತಿ ಎಂದು ನಾಲ್ವರಲ್ಲಿ ಒಬ್ಬರೂ ಹೇಳಲಿಲ್ಲ.

ಹಳೇ ಕೇಬಲ್ಲು (ಉತ್ತರ)

ನಮಸ್ಕಾರ. ನಾನು ಸಾಗರ ತಾಲ್ಲೂಕಿನಲ್ಲಿ 22 ವರ್ಷ ಕೇಬಲ್ ನಡೆಸಿದವನು. ಒಂದು ಕಾಲಕ್ಕೆ 640 ಮನೆ ಇದ್ದವು, ಈಗ 210. ಮೇಡಂ ಹೇಳಿದ ಕಂಪನಿ ಲೆಕ್ಕ ನನ್ನ ಕೆಲಸವಲ್ಲ. ಆದರೆ ಆ ಕುಮಟಾದ ಹಿರಿಯರ ಮಾತು ಓದಿದ ಮೇಲೆ ಬರೆಯದೆ ಇರಲು ಆಗಲಿಲ್ಲ. ಅವರಂಥ ನೂರು ಜನ ನನ್ನ ರಸೀದಿ ಪುಸ್ತಕದಲ್ಲಿದ್ದಾರೆ.

ಆ ಪುಸ್ತಕದ ಬಗ್ಗೆ ಹೇಳುತ್ತೇನೆ. ಉದ್ದದ ನೋಟ್‌ಬುಕ್, ರಟ್ಟಿಗೆ ಪ್ಲಾಸ್ಟಿಕ್ ಹೊದಿಸಿದ್ದು, ಮಳೆಯಲ್ಲಿ ಬೈಕಿನ ಮೇಲೆ ಒಯ್ಯಬೇಕಲ್ಲ. ಮನೆಗೊಂದು ಪುಟ. ಪುಟದ ಮೇಲೆ ಬಲಗಡೆ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಒಂದು ಅಕ್ಷರ. 'ಸ' ಅಂದರೆ ಸಂತೆ, ಆ ಮನೆಯವರಿಗೆ ವಾರದ ಬಟವಾಡೆ, ಸಂತೆ ದಿನ ಸಂಜೆಯೊಳಗೆ ಹೋದರೆ ಸಿಗುತ್ತದೆ. 'ಹಾ' ಅಂದರೆ ಡೇರಿಯ ಹಾಲಿನ ದುಡ್ಡು. 'ಪೆ' ಪೆನ್ಷನ್ನಿನ ಅಜ್ಜಿಯರು. 'ತಿಂ' ಮೇಷ್ಟ್ರುಗಳು, ಬ್ಯಾಂಕಿನವರು. 'ಅ' ಅಡಿಕೆ. ಅವರ ಮನೆಗೆ ಪ್ರತಿ ತಿಂಗಳು ಹೋಗುವುದೇ ದಂಡ, ಅಡಿಕೆ ಮಾರಿದಾಗ ವರ್ಷದ್ದನ್ನು ಒಟ್ಟಿಗೆ ಕೊಡುತ್ತಾರೆ, ಚೌಕಾಸಿಯನ್ನೂ ಮಾಡುವುದಿಲ್ಲ.

640 ಮನೆಯಲ್ಲಿ 'ತಿಂ' ಇದ್ದದ್ದು ತೊಂಬತ್ತರ ಆಸುಪಾಸು. ತಿಂಗಳ ಲೆಕ್ಕದಲ್ಲಿ ಬದುಕುವವರು ಅಷ್ಟೇ ಜನ. ಉಳಿದವರಿಗೆ ತಿಂಗಳು ಅನ್ನುವುದು ಕ್ಯಾಲೆಂಡರ್‌ನಲ್ಲಿ ಮಾತ್ರ. ನೀವು ಎಲ್ಲರಿಗೂ ತಿಂಗಳ ಚಂದಾ ಇಟ್ಟಿರಿ. ಅದೂ ಯಾವ ದಿನ ಸೇರಿದರೋ ಅದೇ ದಿನ ಕಟ್ಟಾಗುವ ಹಾಗೆ. ಮಾರಾಯ್ರೇ, ಸಂತೆಯ ದಿನ ಕೊಡುವ ಮನುಷ್ಯನ ಹತ್ತಿರ ಸಂತೆಯ ಹಿಂದಿನ ದಿನ ಕೇಳಿದರೆ ಅವನು ಎಲ್ಲಿಂದ ತರಬೇಕು?

ಇನ್ನೊಂದು. ನಮ್ಮ ಜನಕ್ಕೆ ಮೊದಲು ಕೊಟ್ಟು ಆಮೇಲೆ ನೋಡುವುದು ಗೊತ್ತು. ಫೋನ್ ರೀಚಾರ್ಜ್ ಹಾಗೇ ತಾನೇ? ದುಡ್ಡಿದ್ದಾಗ ಹಾಕಿಸಿದರು, ಇಲ್ಲದಾಗ ಇನ್‌ಕಮಿಂಗ್‌ನಲ್ಲೇ ನಾಲ್ಕು ದಿನ ತಳ್ಳಿದರು. ಅದರಲ್ಲಿ ಮರ್ಯಾದೆ ಹೋಗುವುದಿಲ್ಲ. ನೀವು ಮಾಡಿದ್ದು ಖಾತೆಗೆ ಕೈ ಹಾಕಿ ತೆಗೆಯುವ ಏರ್ಪಾಡು. ಕಾನೂನು ಪ್ರಕಾರ ಒಂದು ದಿನ ಮೊದಲು ಮೆಸೇಜ್ ಬರುತ್ತದೆ, ನಿಲ್ಲಿಸುವ ದಾರಿಯೂ ಇದೆ, ಗೊತ್ತು. ಆದರೆ ಆ ಮೆಸೇಜ್ ಓದುವವರಿಗೆ ಅದು ನೋಟೀಸ್ ಬಂದ ಹಾಗೆ. ನನ್ನ ಅತ್ತಿಗೆಗೇ ಹೀಗಾಯಿತು. ಒಂದು ಆ್ಯಪ್‌ನವರು 1 ರೂಪಾಯಿಗೆ ನೋಡಿ ಅಂದರು, ಅವಳು ಒತ್ತಿದಳು. ಐದನೇ ದಿನ 399 ಹೋಯಿತು. ಅವಳು ಆಶಾ ಕಾರ್ಯಕರ್ತೆ, ಆ 399 ಮಗನ ಬಸ್ ಪಾಸಿಗೆ ಇಟ್ಟದ್ದು. ಅಂದಿನಿಂದ ನಮ್ಮ ಬೀದಿಯ ಹನ್ನೆರಡು ಮನೆಯಲ್ಲಿ ಯಾರೂ ಯಾವ ಆ್ಯಪ್‌ಗೂ ಆಟೋಪೇ ಒತ್ತುವುದಿಲ್ಲ. ನೀವು ಒಳ್ಳೆಯವರೇ ಇರಬಹುದು, ಆದರೆ ನಿಮಗಿಂತ ಮೊದಲು ಆ ಬಾಗಿಲಿಗೆ ಬಂದು ಹೋದವರು ಹಾಗಿದ್ದರು.

ಟಿವಿಯಲ್ಲೂ ಇದನ್ನೇ ನೋಡಿದೆ. 2019ರ ಫೆಬ್ರವರಿ 1ರಿಂದ ಟ್ರಾಯ್ (ಟೆಲಿಕಾಂ, ಟಿವಿ ನಿಯಂತ್ರಣ ಸಂಸ್ಥೆ) ಹೊಸ ನಿಯಮ ಬಂತು. ನೂರು ಚಾನೆಲ್‌ಗೆ 130 ರೂಪಾಯಿ, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ, ಪೇ ಚಾನೆಲ್‌ಗೆ ಬೇರೆ. ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳಿ, ಉಳಿತಾಯ ಆಗುತ್ತದೆ ಎನ್ನುವುದು ಒಳ್ಳೆಯ ಉದ್ದೇಶವೇ. ನಾನು ಪಟ್ಟಿ ಹಿಡಿದುಕೊಂಡು ಮನೆಮನೆಗೆ ಹೋದೆ. ಹತ್ತರಲ್ಲಿ ಎಂಟು ಮನೆಯವರು ಪಟ್ಟಿ ನೋಡಲೇ ಇಲ್ಲ. "ಒಟ್ಟು ಎಷ್ಟು ಕೊಡಬೇಕು ಹೇಳಿ, ಮೊದಲಿನ ಹಾಗೇ ಬರುವಂತೆ ಮಾಡಿ" ಎಂದರು. ಆದ್ದರಿಂದ ನಾಲ್ಕೈದು ಪ್ಲಾನ್ ಇಡಬೇಡಿ. ಪಟ್ಟಿ ಕಂಡರೆ ಮೋಸ ಇದೆ ಎಂದೇ ಅಂದುಕೊಳ್ಳುತ್ತಾರೆ.

ಈಗ ನಿಮ್ಮ ಸರಕಿನ ಬಗ್ಗೆ. ನೀವು ಅಂಗಡಿ ತೆರೆದದ್ದು ನವೆಂಬರ್‌ನಲ್ಲಿ! ದೀಪಾವಳಿ ಮುಗಿದು ಮೇಳಗಳು ತಿರುಗಾಟಕ್ಕೆ ಹೊರಟ ಹೊತ್ತು. ಪಕ್ಕದ ಗದ್ದೆಯಲ್ಲಿ ಆಟ ಇರುವಾಗ ಫೋನ್‌ನಲ್ಲಿ ಯಾರು ನೋಡುತ್ತಾರೆ? ಅದೇ ಹೊತ್ತಿಗೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು. ಹಗಲು ಗೊನೆ ಕೊಯ್ಯುವ ಕೊನೆಗೌಡರು ಮರದ ಮೇಲೆ, ರಾತ್ರಿ ಮನೆಯವರೆಲ್ಲ ಅಡಿಕೆ ಸುಲಿಯುವುದರಲ್ಲಿ. ಸುಲಿಯುವಾಗ ಕೇಳುವುದಕ್ಕೆ ಏನಾದರೂ ಬೇಕು ಖಂಡಿತ, ಆದರೆ ನೋಡುವುದಕ್ಕೆ ಕಣ್ಣು ಬಿಡುವಿಲ್ಲ. ಮೇ ಕೊನೆಗೆ ಮೇಳ ಗೆಜ್ಜೆ ಬಿಚ್ಚುತ್ತದೆ. ಜೂನ್‌ನಿಂದ ದೀಪಾವಳಿವರೆಗೆ ಮಳೆ, ಮಂದಿ ಮನೆಯಲ್ಲಿ. ಆಗ ಆಟದ ಹಸಿವು ಇರುತ್ತದೆ, ಆಟ ಇರುವುದಿಲ್ಲ. ನಿಮ್ಮ ಸೀಸನ್ ಅದು.

ಆದರೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಮೂರು ದಿನ ಇಲ್ಲ. ಟವರ್ ಬ್ಯಾಟರಿ ಖಾಲಿಯಾದರೆ ನೆಟ್‌ವರ್ಕೂ ಇಲ್ಲ. ಕೇಬಲ್‌ನಲ್ಲಿ ಇದೇ ನನ್ನ ದೊಡ್ಡ ಜಗಳ, "ಹತ್ತು ದಿನ ಬಂದಿಲ್ಲ, ಹತ್ತು ದಿನದ್ದು ಕಳೆಯಿರಿ." ಅವರು ಕೇಳುವುದು ನ್ಯಾಯವೇ. ಅದಕ್ಕೇ ನೀವು ದಿನದ ಲೆಕ್ಕದಲ್ಲಿ ಮಾರಲೇಬೇಡಿ. ಆಟದ ಲೆಕ್ಕದಲ್ಲಿ ಮಾರಿ. ಒಂದು ಆಟಕ್ಕೆ 25. ಹತ್ತು ಆಟದ ಕಾರ್ಡಿಗೆ 199, ದೀಪಾವಳಿವರೆಗೆ ಯಾವಾಗ ಬೇಕಾದರೂ ನೋಡಿಕೊಳ್ಳಲಿ. ಕರೆಂಟ್ ಹೋದರೆ ಆಟ ಎಲ್ಲಿಗೂ ಹೋಗುವುದಿಲ್ಲ, ಕಾರ್ಡ್‌ನಲ್ಲೇ ಇರುತ್ತದೆ.

ಕಾರ್ಡ್ ಮಾರುವ ಜಾಗ ಆ್ಯಪ್ ಅಲ್ಲ. ಮೇ ತಿಂಗಳ ಕಡೇ ಆಟಗಳಲ್ಲಿ, ಟಿಕೆಟ್ ಕೌಂಟರ್ ಪಕ್ಕದಲ್ಲಿ ಒಂದು ಮೇಜು ಹಾಕಿ. ಅಡಿಕೆ ದುಡ್ಡು ಇನ್ನೂ ಕೈಯಲ್ಲಿರುತ್ತದೆ. ಇನ್ನು ಆರು ತಿಂಗಳು ಆಟ ಇಲ್ಲ ಎನ್ನುವ ಬೇಜಾರೂ ಇರುತ್ತದೆ. ಆಮೇಲೆ ಊರ ರೀಚಾರ್ಜ್ ಅಂಗಡಿ, ನನ್ನಂಥ ಕೇಬಲ್‌ನವರು. ನೂರಕ್ಕೆ ಹತ್ತು ಕೊಡಿ, ನಾವು ಮನೆಗೆ ಹೋಗಿ ಫೋನ್‌ನಲ್ಲಿ ಆ್ಯಪ್ ಹಾಕಿಕೊಟ್ಟು ಬರುತ್ತೇವೆ. ನಗದು ಕೊಟ್ಟರೂ ತೆಗೆದುಕೊಳ್ಳುತ್ತೇವೆ.

ಕಡೆಗೆ ಒಂದು ವಿಷಯ, ನೀವು ಯಾರೂ ಹೇಳದೇ ಇರುವುದು. ದರ ಅಂದರೆ ನಿಮ್ಮ 99 ಮಾತ್ರ ಅಲ್ಲ. ನಮ್ಮಲ್ಲಿ ಹೆಚ್ಚಿನವರ ಫೋನ್‌ಗೆ ದಿನಕ್ಕೆ ಒಂದೂವರೆ ಜಿಬಿ. ಇಡೀ ರಾತ್ರಿಯ ಆಟ ಅದರಲ್ಲಿ ಮುಗಿಯುತ್ತದಾ ನೋಡಿದ್ದೀರಾ? ಒಂದು ಸಲ ನಮ್ಮ ದಣಪೆ (ಬೇಲಿಯ ಗೇಟು) ಪಕ್ಕದ ಮನೆಯ ಅಜ್ಜ ಆಟ ನೋಡುತ್ತಾ ಕೂತಿದ್ದರು. ಎರಡನೇ ವೇಷ ಪ್ರವೇಶ ಆಗುವ ಹೊತ್ತಿಗೆ ಡೇಟಾ ಖಾಲಿ, ಚಕ್ರ ತಿರುಗಲು ಶುರು. ಅಜ್ಜ ಫೋನನ್ನು ಮಡಿಲಲ್ಲಿಟ್ಟುಕೊಂಡು ಹನ್ನೆರಡು ಗಂಟೆವರೆಗೆ ಕಾದರು, ಹೊಸ ದಿನದ ಡೇಟಾ ಬರಲಿ ಅಂತ.

ಬಿಲ್ಲಿಂಗ್ ಮೇಜು

ಅಣ್ಣ, ನಿಮ್ಮ ಪುಸ್ತಕದ ಮೂಲೆಯ ಅಕ್ಷರಗಳನ್ನು ಓದಿದ ಮೇಲೆ ನನ್ನ ಇವತ್ತಿನ ಮೀಟಿಂಗ್‌ನಲ್ಲೂ ಅದೇ ತಲೆಯಲ್ಲಿತ್ತು. ನಾವು ಡೆಬಿಟ್ ಫೇಲ್ ಆದವರನ್ನು "ಕಳೆದುಹೋದ ಗ್ರಾಹಕರು" ಎಂದು ಒಂದೇ ಕಾಲಂನಲ್ಲಿ ಬರೆಯುತ್ತೇವೆ.

ಡೇಟಾ ಲೆಕ್ಕ ಹಾಕಿದೆ. ಸೆಕೆಂಡಿಗೆ ಒಂದು ಮೆಗಾಬಿಟ್‌ನಂತೆ ಸಾಧಾರಣ ಗುಣಮಟ್ಟದ ವೀಡಿಯೊ ಇಟ್ಟರೂ ಗಂಟೆಗೆ 450 ಎಂಬಿ. ಎಂಟು ಗಂಟೆಯ ಆಟಕ್ಕೆ 3.6 ಜಿಬಿ. ಒಂದೂವರೆ ಜಿಬಿ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ. ಅಜ್ಜ ಕಾದದ್ದು ಸರಿಯಾಗಿಯೇ ಇದೆ. ಅದೇ ಬರೀ ಧ್ವನಿಯಾದರೆ, 64 ಕಿಲೋಬಿಟ್‌ನಲ್ಲಿ, ಇಡೀ ರಾತ್ರಿಗೆ 230 ಎಂಬಿ ಸಾಕು. ತಾಳಮದ್ದಳೆಗೆ ವೇಷವೂ ಇಲ್ಲ, ಕುಣಿತವೂ ಇಲ್ಲ, ಮಾತೇ ಎಲ್ಲ. ಅದನ್ನು ಧ್ವನಿಯಾಗಿಯೂ ಕೊಡಿ, ಅಡಿಕೆ ಸುಲಿಯುವವರಿಗೂ ಅದೇ ಬೇಕು. ಡೌನ್‌ಲೋಡ್ ಸೌಲಭ್ಯವನ್ನು ಮೊದಲ ದಿನದಿಂದಲೇ ಇಡಿ. ಎರಡು ರಾತ್ರಿಯ ಡೇಟಾದಲ್ಲಿ ಸ್ವಲ್ಪ ಸ್ವಲ್ಪ ಇಳಿಸಿಕೊಳ್ಳುವಂತೆ ಇರಲಿ.

ಆಟಕ್ಕೊಂದು ದರ ಎನ್ನುವುದು ನಡೆಯದ ಮಾತಲ್ಲ. ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲಿ ಶುರು ಮಾಡಿದ ಸಿ ಸ್ಪೇಸ್ ಎನ್ನುವ ಸಿನಿಮಾ ಆ್ಯಪ್ ಹಾಗೇ ಇದೆ, ಸಿನಿಮಾಕ್ಕೆ 75 ರೂಪಾಯಿ, ನೋಡಿದ್ದಕ್ಕೆ ಮಾತ್ರ ದುಡ್ಡು. ನಿಮಗೂ ಅದೇ ಹೊಂದುತ್ತದೆ, ಏಕೆಂದರೆ ಯಾವ ಆಟಕ್ಕೆ ಎಷ್ಟು ಬಂತು ಎಂದು ಕಲಾವಿದರಿಗೆ ನೇರವಾಗಿ ತೋರಿಸಬಹುದು.

ಒಂದು ಎಚ್ಚರಿಕೆ. ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ನಿಮಗೆ ಜಿಎಸ್‌ಟಿ ನೋಂದಣಿ ಬೇಕಾಗಲಿಕ್ಕಿಲ್ಲ, ನಿಮ್ಮ ಆಡಿಟರ್ ಹತ್ತಿರ ಖಚಿತ ಮಾಡಿಕೊಳ್ಳಿ. ಆದರೆ ದರ ಇಡುವಾಗ 18 ಪರ್ಸೆಂಟ್ ಒಳಗೇ ಇದೆ ಎಂದುಕೊಂಡು ಇಡಿ. 99ರಲ್ಲಿ ತೆರಿಗೆ ಹೋದರೆ 83 ರೂಪಾಯಿ 90 ಪೈಸೆ. ಪ್ಲೇಸ್ಟೋರ್ ಮೂಲಕ ಚಂದಾ ತೆಗೆದುಕೊಂಡರೆ 15 ಪರ್ಸೆಂಟ್ ಅವರಿಗೆ, ಕೈಗೆ ಬರುವುದು 71 ಚಿಲ್ಲರೆ. ಮುಂದೆ ಬೆಳೆದಾಗ ದರ ಏರಿಸುವುದು ಇಂಥ ನೋಡುಗರ ಹತ್ತಿರ ಬಹಳ ಕಷ್ಟ.

ಇನ್ನು 199ರ ಕಾರ್ಡ್. ಏಜೆಂಟರಿಗೆ ಹತ್ತು ಪರ್ಸೆಂಟ್ ಹೋದರೆ 179. ಕಲಾವಿದರಿಗೆ 40 ಪರ್ಸೆಂಟ್ ಕೊಟ್ಟರೆ ನಿಮಗೆ 107. ವರ್ಷಕ್ಕೆ 20 ಹೊಸ ಆಟ ರೆಕಾರ್ಡ್ ಮಾಡಲು 3 ಲಕ್ಷ 60 ಸಾವಿರ ಬೇಕು. ಅಂದರೆ ಸುಮಾರು 3,350 ಕಾರ್ಡ್. ಮೊದಲ ವರ್ಷವೇ ಅಷ್ಟು ಆಗುವುದು ಕಷ್ಟ, ಸುಳ್ಳು ಧೈರ್ಯ ಹೇಳುವುದಿಲ್ಲ. ದರ ಇನ್ನೂ ಇಳಿಸುವುದರಿಂದ ಈ ಗುಂಡಿ ತುಂಬುವುದಿಲ್ಲ. ಬೇರೆ ಕಡೆಯಿಂದ ಬರಬೇಕು.

ಮಸ್ಕತ್‌ನ ಮಗಳು (ಉತ್ತರ)

ಆ ಬೇರೆ ಕಡೆ ನಾವೇ. ನಾನು ಸಿದ್ದಾಪುರದವಳು, ಒಮಾನ್‌ಗೆ ಬಂದು ಹನ್ನೊಂದು ವರ್ಷವಾಯಿತು. ಅಪ್ಪ ಊರಲ್ಲಿ ಒಬ್ಬರೇ ಇದ್ದಾರೆ. ಅವರ ಫೋನ್ ರೀಚಾರ್ಜ್ ಮಾಡುವುದು ನಾನು, ಡಿಶ್‌ಗೆ ದುಡ್ಡು ಹಾಕುವುದೂ ನಾನು. ನನ್ನ ಎನ್‌ಆರ್‌ಇ ಖಾತೆಗೆ (ಹೊರದೇಶದಲ್ಲಿರುವವರಿಗೆ ಭಾರತದಲ್ಲಿ ಇರುವ ಬ್ಯಾಂಕ್ ಖಾತೆ) ಇಲ್ಲಿನ ನಂಬರ್‌ನಲ್ಲೇ ಯುಪಿಐ ಇದೆ, ಎರಡು ನಿಮಿಷದ ಕೆಲಸ.

ನೋಡುವವರು ಒಬ್ಬರು, ಕೊಡುವವರು ಇನ್ನೊಬ್ಬರು. ಹಳ್ಳಿಯ ಎಷ್ಟೋ ಮನೆಗಳಲ್ಲಿ ಈಗ ಹೀಗೇ. ನಿಮ್ಮ ಆ್ಯಪ್‌ನಲ್ಲಿ ನಾನು ಅಪ್ಪನ ನಂಬರ್‌ಗೆ ಹಾಕಿಕೊಡಲು ದಾರಿಯೇ ಇರಲಿಲ್ಲ. ನವೆಂಬರ್‌ನಲ್ಲಿ ಪ್ರಯತ್ನ ಮಾಡಿದೆ, ಒಟಿಪಿ ಅಪ್ಪನ ಫೋನ್‌ಗೆ ಹೋಯಿತು. ಅವರು ಅದನ್ನು ಯಾರಿಗೂ ಹೇಳಬಾರದು ಎಂದು ಕಲಿತಿದ್ದಾರೆ. ನನಗೂ ಹೇಳಲಿಲ್ಲ. ನಾನೇ ಕಲಿಸಿದ್ದು.

ನಮಗೆ ಬೇರೆ ದರ ಇಡಿ. ಹೊರದೇಶದವರಿಗೆ ವರ್ಷಕ್ಕೆ 1,500 ರೂಪಾಯಿ ಇಟ್ಟು, ಅದರ ಜೊತೆ ಊರಿನ ಒಂದು ನಂಬರ್‌ಗೂ ಸೇರಿಸಿ ಕೊಡಿ. ನಾವು ಇಲ್ಲಿ ಶುಕ್ರವಾರ ರಜೆಯ ದಿನ ನೋಡುತ್ತೇವೆ, ಅಪ್ಪ ಅಲ್ಲಿ ನೋಡುತ್ತಾರೆ, ಆಮೇಲೆ ಫೋನ್‌ನಲ್ಲಿ ಅದೇ ಮಾತು. ಮೇಡಂ ಲೆಕ್ಕವನ್ನು ಮುಂದುವರಿಸಿದರೆ, 1,500ರಲ್ಲಿ ಕಲಾವಿದರಿಗೆ 600, ನಿಮಗೆ 900. ನನ್ನಂಥವರು 400 ಜನ ಸಿಕ್ಕರೆ ನಿಮ್ಮ 20 ಆಟದ ಖರ್ಚು ಅಲ್ಲಿಗೇ ಹುಟ್ಟಿತು. ಗಲ್ಫ್ ಒಂದರಲ್ಲೇ ಕರಾವಳಿ, ಮಲೆನಾಡಿನವರು ಎಷ್ಟು ಜನ ಇಲ್ಲ!

ದಯವಿಟ್ಟು ಧ್ವನಿ ಮಾತ್ರದ್ದನ್ನೂ ಇಡಿ. ಅಪ್ಪನಿಗೆ ಕಣ್ಣು ಮಂಜಾಗಿದೆ, ಆದರೆ ಭಾಗವತರ ಸ್ವರ ಕೇಳಿಯೇ ಯಾರೆಂದು ಹೇಳುತ್ತಾರೆ.

ಶರಾವತಿ ದಂಡೆ

ಮೂರು ವಾರದಿಂದ ಉತ್ತರ ಬರೆಯಲಿಲ್ಲ, ಕ್ಷಮಿಸಿ. ಸುಮ್ನೆ ಕೂತಿರಲಿಲ್ಲ, ತಿರುಗಾಡುತ್ತಿದ್ದೆವು.

ಆಟೋಪೇ ತೆಗೆದುಹಾಕಿದೆವು. ಉಳಿದಿದ್ದ 17 ಜನರಿಗೂ ಫೋನ್ ಮಾಡಿ ಹೇಳಿಯೇ ನಿಲ್ಲಿಸಿದ್ದು. ಹಳೇ ಕೇಬಲ್ಲು ಅಣ್ಣ ಹೇಳಿದಂತೆ ಒಂದು ಆಟಕ್ಕೆ 25, ಹತ್ತರ ಕಾರ್ಡಿಗೆ 199, ಅಷ್ಟೇ. ತಿಂಗಳ ಪ್ಲಾನ್ ಇಲ್ಲ. 29 ಎಂದಿದ್ದ ಗೆಳೆಯನೇ ಕಾರ್ಡಿನ ಚಿತ್ರ ಬರೆದುಕೊಟ್ಟ. ಹಿಂದೆ ಹತ್ತು ಚೌಕ, ಒಂದೊಂದು ಆಟ ನೋಡಿದಾಗಲೂ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಬಹುದು. ಆ್ಯಪ್ ಲೆಕ್ಕ ಇಡುತ್ತದೆ, ಆದರೂ ತಮ್ಮ ಕೈಯಲ್ಲೂ ಒಂದು ಲೆಕ್ಕ ಇರಲಿ ಎಂದು ನೋಡುಗರೇ ಕೇಳಿದರು.

ಮೊನ್ನೆ ಅಣ್ಣನ ಜೊತೆ ಅವರ ಬೈಕ್‌ನಲ್ಲೇ 40 ಮನೆಗೆ ಹೋದೆ. 22 ಮನೆಯಲ್ಲಿ ಕಾರ್ಡ್ ತೆಗೆದುಕೊಂಡರು. ಅದರಲ್ಲಿ 13 ಜನ ನಗದು ಕೊಟ್ಟರು. ಏಳು ಮನೆಯಲ್ಲಿ ಬೇಡ ಎಂದರು, ಯೂಟ್ಯೂಬ್ ಸಾಕಂತೆ. ಅವರಿಗೆ ಇಬ್ಬರು ಭಾಗವತರ ಒಂದೊಂದು ಪದ್ಯ ನಮ್ಮ ರೆಕಾರ್ಡಿಂಗ್‌ನಲ್ಲಿ ಕೇಳಿಸಿ ಬಂದೆ. ಉಳಿದ 11 ಮನೆಯವರು ಸಂತೆ ಕಳೆದು ಬನ್ನಿ ಎಂದರು. ಅಣ್ಣ ಪೆನ್ಸಿಲ್ ತೆಗೆದು ಆ ಹನ್ನೊಂದು ಪುಟದ ಮೂಲೆ ನೋಡಿದರು. ಹನ್ನೊಂದರಲ್ಲೂ 'ಸ' ಇತ್ತು.

ಮಸ್ಕತ್‌ನ ಅಕ್ಕ, ಊರಿನ ನಂಬರ್‌ಗೆ ಕೊಡಿಸುವ ದಾರಿ ತಯಾರಾಗುತ್ತಿದೆ. ಒಟಿಪಿ ನಿಮ್ಮ ಫೋನ್‌ಗೇ ಬರುತ್ತದೆ. ನಿಮ್ಮ ತಂದೆಯವರಿಗೆ ಒಂದು ಕಾಲ್ ಹೋಗುತ್ತದೆ, ಅವರು ಎತ್ತಿ ಹೂಂ ಅಂದರೆ ಸಾಕು. ಮೇ ಮೊದಲ ವಾರ ನೀವೇ ಮೊದಲು ಪರೀಕ್ಷೆ ಮಾಡಿ ಹೇಳುತ್ತೀರಾ? ತಾಳಮದ್ದಳೆಯ 36 ರೆಕಾರ್ಡಿಂಗ್‌ಗಳ ಧ್ವನಿ ಆಗಲೇ ಬೇರೆ ಮಾಡಿದ್ದೇವೆ.